ಮದ್ಯವಿರತಿ: ವ್ರತದ ಅರ್ಥ, ವ್ರತ ಕೊಡುವ ಕ್ರಮ

ಮಗುವಿಗೆ ಎಂಟು ವರ್ಷ ತುಂಬಿದೊಡನೆ ಬಸದಿಗೆ ಕರೆದೊಯ್ದು ಅಷ್ಟಮೂಲಗುಣಗಳನ್ನು ಧಾರಣೆ ಮಾಡಿಸುವ ಪದ್ಧತಿ ನಮ್ಮ ಅನೇಕ ಮನೆತನಗಳಲ್ಲಿ ಇಂದಿಗೂ ಉಳಿದಿದೆ. ಮದ್ಯ, ಮಾಂಸ, ಮಧು ಎಂಬ ಮೂರು ಮಕಾರಗಳನ್ನೂ ಐದು ಉದುಂಬರ ಫಲಗಳನ್ನೂ ಬಿಟ್ಟೆನೆಂದು ಮಗು ಹಿರಿಯರು ಹೇಳಿಕೊಟ್ಟಂತೆ ಹೇಳುತ್ತದೆ. ಮದ್ಯವೆಂದರೇನೆಂದು ಅದಕ್ಕೆ ತಿಳಿಯದು. ತಿಳಿದ ಹಿರಿಯರೂ ಆ ಮಾತನ್ನು ಮತ್ತೆ ಎತ್ತುವುದಿಲ್ಲ. “ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ” ಎಂಬ ನೆಮ್ಮದಿಯಲ್ಲಿ ಹತ್ತು ಹದಿನೈದು ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಮಗ ಓದಲೆಂದೋ ದುಡಿಯಲೆಂದೋ ಪರಸ್ಥಳ ಸೇರಿರುತ್ತಾನೆ. ಮುಂದೆ ಒಂದು ದಿನ ಮನೆಗೆ ವಾರ್ತೆ ಬರುತ್ತದೆ. ಬಂದ ವಾರ್ತೆಯನ್ನು ಮನೆಯವರು ಮುಚ್ಚಿಡುತ್ತಾರೆ.

ಆದುದರಿಂದ ಈ ಪಾಠದಲ್ಲಿ ಮೂರು ವಿಷಯಗಳನ್ನು ವಿಚಾರಿಸೋಣ. ಆಚಾರ್ಯರು ಮದ್ಯವನ್ನು ಬಿಡಿಸಿದ್ದು ಯಾವ ಕಾರಣದಿಂದ? ಆ ಕಾರಣವು ಇಂದಿನ ಯಾವ ಯಾವ ವಸ್ತುಗಳಿಗೆ ಅನ್ವಯಿಸುತ್ತದೆ? ಈಗಾಗಲೇ ಬಿದ್ದಿರುವವನಿಗೆ ವ್ರತವನ್ನು ಹೇಗೆ ಕೊಡಬೇಕು? ಮೊದಲೆರಡನ್ನು ನಾನು ಗ್ರಂಥಗಳಿಂದಲೂ ಬಲ್ಲವರಿಂದಲೂ ಕಲಿತೆ. ಮೂರನೆಯದನ್ನು ತಪ್ಪು ಮಾಡಿ ಕಲಿತೆ.

೧. ಆಚಾರ್ಯರು ಹೇಳಿದ ಕಾರಣ

ಮೂಲಗುಣಗಳ ಎಣಿಕೆಯಲ್ಲಿ ಆಚಾರ್ಯರಲ್ಲಿ ಭೇದವುಂಟು. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂರು ಮಕಾರಗಳ ತ್ಯಾಗದೊಡನೆ ಐದು ಅಣುವ್ರತಗಳನ್ನು ಸೇರಿಸಿ ಎಂಟೆಂದರು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಣುವ್ರತಗಳ ಸ್ಥಾನದಲ್ಲಿ ಐದು ಉದುಂಬರಗಳ ತ್ಯಾಗವನ್ನು ಹೇಳಿದರು. ಎಣಿಕೆ ಹೇಗೇ ಇರಲಿ, ಮದ್ಯತ್ಯಾಗವನ್ನು ಇಬ್ಬರೂ ಕೈಬಿಟ್ಟಿಲ್ಲ. ಸಪ್ತವ್ಯಸನಗಳ ಪಟ್ಟಿಯಲ್ಲಿಯೂ ಮದ್ಯವಿದೆ. ದರ್ಶನಪ್ರತಿಮೆಯ ಶ್ರಾವಕನಿಗೆ ಇದು ಮೊದಲ ಮೆಟ್ಟಿಲು.

ಕಾರಣವನ್ನು ಹೇಳುವಾಗ ಸಮಂತಭದ್ರಸ್ವಾಮಿಗಳು ಒಂದು ಸೂಕ್ಷ್ಮವನ್ನು ತೋರಿದ್ದಾರೆ. ಮಾಂಸ, ಮಧುಗಳನ್ನು ತ್ರಸಜೀವಗಳ ಘಾತವನ್ನು ತಪ್ಪಿಸಲು ಬಿಡಬೇಕು; ಮದ್ಯವನ್ನು ಪ್ರಮಾದವನ್ನು ತಪ್ಪಿಸಲು ಬಿಡಬೇಕು ಎಂಬುದು ಅವರ ಅಭಿಪ್ರಾಯ. ಅಮೃತಚಂದ್ರಸೂರಿಗಳು ಇದನ್ನೇ ಸರಪಣಿಯಂತೆ ಬಿಡಿಸಿ ತೋರಿಸುತ್ತಾರೆ: ಮದ್ಯದಿಂದ ಮನಸ್ಸು ಮೋಹಗೊಳ್ಳುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ಅಳುಕಿಲ್ಲದೆ ಹಿಂಸೆಗೆ ಇಳಿಯುತ್ತಾನೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಪ್ರಮಾದವೆಂದರೆ ಎಚ್ಚರ ತಪ್ಪುವುದು. ವಿಕಥೆ ನಾಲ್ಕು, ಕಷಾಯ ನಾಲ್ಕು, ಇಂದ್ರಿಯ ಐದು, ನಿದ್ರೆ, ಸ್ನೇಹ ಎಂದು ಅದರ ಭೇದಗಳು ಹದಿನೈದು. ಕುಡಿದವನ ಮಾತು, ಕೋಪ, ನಿದ್ರೆಗಳನ್ನು ಕಂಡ ಮನೆಯವರಿಗೆ ಈ ಹದಿನೈದನ್ನು ಬೇರೆ ವಿವರಿಸಬೇಕಾಗಿಲ್ಲ.

ಇದಲ್ಲದೆ, ಮದ್ಯವು ರಸದಲ್ಲಿ ಹುಟ್ಟುವ ಅಸಂಖ್ಯ ಜೀವಗಳಿಗೆ ಯೋನಿಸ್ಥಾನವೆಂದೂ ಅಮೃತಚಂದ್ರರು ಹೇಳುತ್ತಾರೆ. ಕಳ್ಳಾಗಲಿ ದ್ರಾಕ್ಷಾರಸವಾಗಲಿ ಹುಳಿತು ಮದ್ಯವಾಗುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿಗಳಿಂದ. ಅವು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಹೊರಹಾಕುತ್ತವೆ. ಹುದುಗುವಿಕೆಯು ಜೀವಿಗಳ ಕಾರ್ಯವೆಂಬುದನ್ನು ಲೂಯಿ ಪಾಶ್ಚರರು 19ನೆಯ ಶತಮಾನದ ಮಧ್ಯಭಾಗದಲ್ಲಿ ಪ್ರಯೋಗಗಳಿಂದ ತೋರಿಸಿದರು. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಮದ್ಯವ್ರತದ ಅತಿಚಾರಗಳನ್ನು ಹೇಳುವಾಗ ಉಪ್ಪಿನಕಾಯಿಯಂತಹ ಸಂಧಾನಗಳು, ಎರಡು ದಿನ ಮೀರಿದ ಮೊಸರು ಮಜ್ಜಿಗೆ, ಬೂಷ್ಟು ಹಿಡಿದ ಗಂಜಿ ಇವುಗಳನ್ನು ಎಣಿಸಿರುವುದು ಗಮನಾರ್ಹ. ಹುಳಿತ ಪದಾರ್ಥದ ಮೇಲೆ ಅವರ ದೃಷ್ಟಿ ಎಷ್ಟು ಸೂಕ್ಷ್ಮವಾಗಿತ್ತು! ಮೊಸರಿನ ಮರ್ಯಾದೆಯನ್ನು ಗಂಟೆ ಎಣಿಸಿ ಪಾಲಿಸುವ ನಾವು ಮನೆಯ ಹುಡುಗನ ಜೇಬಿನಲ್ಲೇನಿದೆಯೆಂದು ನೋಡದಿದ್ದರೆ ಅದು ಸೋಜಿಗವೇ ಸರಿ.

೨. ಮದ್ಯವೆಂಬ ಮಾತಿನ ವ್ಯಾಪ್ತಿ

“ಶಾಸ್ತ್ರದಲ್ಲಿ ಹೊಗೆಸೊಪ್ಪಿನ ಹೆಸರಿಲ್ಲವಲ್ಲ?” ಎಂದು ಕೇಳುವವರುಂಟು. ಆ ಗಿಡ ಅಮೆರಿಕ ಖಂಡದ್ದು. ಪೋರ್ಚುಗೀಸರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದಿತು. ಅದಕ್ಕೂ ಎಷ್ಟೋ ಶತಮಾನ ಹಿಂದಿನ ಗ್ರಂಥಗಳಲ್ಲಿ ಅದರ ಹೆಸರು ಸಿಕ್ಕುವುದಾದರೂ ಹೇಗೆ? ಆಚಾರ್ಯರು ಹೆಸರುಗಳ ಪಟ್ಟಿಗಿಂತ ಹೆಚ್ಚಾಗಿ ಕಾರಣಗಳನ್ನು ಕೊಟ್ಟುಹೋಗಿದ್ದಾರೆ. ತ್ರಸಘಾತ, ಬಹುಘಾತ, ಪ್ರಮಾದಕಾರಕ, ಅನಿಷ್ಟ, ಅನುಪಸೇವ್ಯ ಎಂದು ಅಭಕ್ಷ್ಯವು ಐದು ಬಗೆ. ಹೊಸ ವಸ್ತು ಬಂದಾಗ ಈ ಐದರ ಒರೆಗಲ್ಲಿಗೆ ಹಚ್ಚಿ ನೋಡಿದರೆ ಸಾಕು.

ಮದ್ಯಸಾರ: ಎಲ್ಲ ಮದ್ಯಗಳಲ್ಲಿಯೂ ಮತ್ತು ತರುವ ಪದಾರ್ಥ ಒಂದೇ, ಎಥನಾಲ್. ನಮ್ಮ ದೇಶದ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ 42.8 ಭಾಗ, ಬಿಯರಿನಲ್ಲಿ 5ರಿಂದ 8. “ಬಿಯರೇನು ಮದ್ಯವೇ?” ಎನ್ನುವ ತರುಣರು ಸ್ವಲ್ಪ ಲೆಕ್ಕ ಮಾಡಲಿ. 30 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರವಿದೆ. ನೂರಕ್ಕೆ 8 ಭಾಗವಿರುವ 650 ಮಿಲಿಲೀಟರಿನ ಒಂದು ಬಾಟಲಿ ಬಿಯರಿನಲ್ಲಿ ಸುಮಾರು 41 ಗ್ರಾಂ. ಅಂದರೆ ಆ ಒಂದು ಬಾಟಲಿ ನಾಲ್ಕು ಅಳತೆ ವಿಸ್ಕಿಗೆ ಸಮ. ಯಕೃತ್ತು 10 ಗ್ರಾಂ ಮದ್ಯಸಾರವನ್ನು ಕರಗಿಸಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ತಣ್ಣೀರ ಸ್ನಾನದಿಂದಾಗಲಿ ನಿಂಬೆಯ ರಸದಿಂದಾಗಲಿ ಆ ವೇಗ ಹೆಚ್ಚುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಮದ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ವರ್ಗಕ್ಕೆ ಸೇರಿಸಿದ್ದು 1988ರಲ್ಲಿ. ಕಳ್ಳಬಟ್ಟಿಯಲ್ಲಿ ಮೆಥನಾಲ್ ಎಂಬ ವಿಷ ಬೆರೆತರಂತೂ ಕಣ್ಣೂ ಪ್ರಾಣವೂ ಹೋಗುತ್ತವೆ. 2024ರ ಜೂನ್ ತಿಂಗಳಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಹೀಗೆ 60ಕ್ಕೂ ಹೆಚ್ಚು ಜನ ಸತ್ತರು.

ಹೊಗೆಸೊಪ್ಪು: ಇದರ ನಿಕೋಟಿನ್ ಬಹು ಬೇಗ ಮನುಷ್ಯನನ್ನು ಅಧೀನ ಮಾಡಿಕೊಳ್ಳುತ್ತದೆ. ಬೀಡಿ, ಸಿಗರೇಟು, ನಶ್ಯ, ಜರ್ದಾ, ಗುಟ್ಕಾ ಎಲ್ಲವೂ ಇದರ ರೂಪಗಳು. ಗುಟ್ಕಾವನ್ನು ಕರ್ನಾಟಕ ಸರಕಾರ 2013ರಲ್ಲಿಯೂ, ವಿದ್ಯುತ್ ಸಿಗರೇಟನ್ನು ಕೇಂದ್ರ ಸರಕಾರ 2019ರಲ್ಲಿಯೂ ನಿಷೇಧಿಸಿದವು.

ಭಂಗಿ, ಗಾಂಜಾ, ಚರಸ್: ಮೂರೂ ಒಂದೇ ಗಿಡದವು, ಕ್ರಮವಾಗಿ ಎಲೆ, ಹೂತೆನೆ, ಅಂಟು. “ಇದು ಸೊಪ್ಪು, ಪ್ರಕೃತಿಯ ವಸ್ತು” ಎಂಬ ವಾದ ಕಾಲೇಜು ಹುಡುಗರಲ್ಲಿ ಪ್ರಚಲಿತ. ಎಳೆಯ ವಯಸ್ಸಿನಲ್ಲಿ ಇದಕ್ಕೆ ಬಿದ್ದವರಲ್ಲಿ ಚಿತ್ತವಿಭ್ರಮೆಯ ಸಂಭವ ಹೆಚ್ಚೆಂಬುದು ವೈದ್ಯರ ಅನುಭವ.

ಅಫೀಮಿನ ಕುಲ: ಗಸಗಸೆ ಗಿಡದ ಕಾಯಿಯ ಹಾಲಿನಿಂದ ಅಫೀಮು, ಅದರಿಂದ ಮಾರ್ಫೀನ್, ಕೊಡೀನ್, ಮಾರ್ಫೀನಿನಿಂದ ಹೆರಾಯಿನ್. ಹೆರಾಯಿನನ್ನು 1898ರಲ್ಲಿ ಜರ್ಮನಿಯ ಕಂಪನಿಯೊಂದು ಕೆಮ್ಮಿನ ಔಷಧವೆಂದೇ ಮಾರಾಟಕ್ಕೆ ತಂದಿತೆಂಬುದು ನಮಗೆ ಪಾಠವಾಗಬೇಕು. ಕೊಡೀನ್ ಸೇರಿದ ಕೆಮ್ಮಿನ ಸಿರಪ್ಪನ್ನು ಬಾಟಲಿಗಟ್ಟಲೆ ಕುಡಿಯುವ ಹುಡುಗರು ಇಂದಿಗೂ ಇದ್ದಾರೆ.

ಮಾತ್ರೆಗಳು ಮತ್ತು ಮೂಸುವ ದ್ರವ್ಯಗಳು: ನಿದ್ರೆಗೂ ಗಾಬರಿಗೂ ಕೊಡುವ ಮಾತ್ರೆಗಳನ್ನು ವೈದ್ಯರ ಚೀಟಿಯ ಅವಧಿ ಮುಗಿದ ಮೇಲೂ ನುಂಗುತ್ತ ಹೋಗುವವರಲ್ಲಿ ವಯಸ್ಸಾದವರೂ ಗೃಹಿಣಿಯರೂ ಇದ್ದಾರೆ. ಪಂಕ್ಚರ್ ಅಂಗಡಿಯ ಸೊಲ್ಯೂಷನ್, ಬರಹ ಅಳಿಸುವ ವೈಟ್ನರ್, ತಿನ್ನರ್ ಇವುಗಳನ್ನು ಮೂಸುವವರಲ್ಲಿ ಸಣ್ಣ ಮಕ್ಕಳೂ ಇದ್ದಾರೆ. ಮೊದಲ ಸಲ ಮೂಸಿದಾಗಲೇ ಹೃದಯ ನಿಂತು ಸಾಯುವ ಅಪಾಯವೂ ಇಲ್ಲಿದೆ.

ಇವೆಲ್ಲವೂ ಪ್ರಮಾದಕಾರಕ ಅಥವಾ ಅನಿಷ್ಟ, ಬಹುಮಟ್ಟಿಗೆ ಎರಡೂ ಹೌದು. ಎಂಟನೆಯ ವರ್ಷದಲ್ಲಿ ಮಗು ಹೇಳಿದ “ಮದ್ಯವನ್ನು ಬಿಟ್ಟೆ” ಎಂಬ ಮಾತಿನೊಳಗೆ ಇವೆಲ್ಲವೂ ಅಡಗಿವೆಯೆಂದು ಹದಿನಾಲ್ಕನೆಯ ವರ್ಷದಲ್ಲಿ ಮತ್ತೊಮ್ಮೆ ಹೆಸರು ಹಿಡಿದು ತಿಳಿಸಬೇಕು.

೩. ನಾನು ಮಾಡಿದ ತಪ್ಪು

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಒಳ್ಳೆಯ ಮನೆತನ, ಒಳ್ಳೆಯ ಉದ್ಯೋಗ. ನಲವತ್ತರ ವಯಸ್ಸಿಗೆ ಬೆಳಿಗ್ಗೆಯೂ ಕುಡಿಯದಿದ್ದರೆ ಕೈ ನಡುಗುವ ಸ್ಥಿತಿಗೆ ಬಂದಿದ್ದನೆಂದು ಅವನ ತಾಯಿ ನನ್ನೆದುರು ಅತ್ತರು. ಭಾದ್ರಪದ ಶುಕ್ಲ ಪಂಚಮಿ, ದಶಲಕ್ಷಣ ಪರ್ವದ ಮೊದಲ ದಿನ. ಅವನನ್ನು ಬಸದಿಗೆ ಕರೆಸಿದೆ. “ಮೇಷ್ಟ್ರ ಮಾತು ಮೀರಬೇಡಪ್ಪ. ಇವತ್ತೇ ಬಿಡು, ಯಾವಜ್ಜೀವ ಬಿಡು. ಇವತ್ತಿನಿಂದ ಮೂರು ದಿನ ಉಪವಾಸ ಮಾಡು, ದೇಹ ಶುದ್ಧವಾಗುತ್ತದೆ” ಎಂದೆ. ಅವನು ತಲೆ ತಗ್ಗಿಸಿ ಕೈ ಮುಗಿದ. ವ್ರತ ಕೊಡಿಸಿದೆನೆಂಬ ತೃಪ್ತಿಯಿಂದ ನಾನು ಮನೆಗೆ ಬಂದೆ.

ಅವನು ಮಾತು ಮೀರಲಿಲ್ಲ. ಅನರ್ಥವಾದುದು ಅದರಿಂದಲೇ. ಅಂದು ಸಂಜೆಯಿಂದ ಮೈ ಬೆವರು, ನಡುಕ, ವಾಂತಿ, ರಾತ್ರಿ ನಿದ್ರೆಯಿಲ್ಲ. ಷಷ್ಠಿಯ ಬೆಳಿಗ್ಗೆ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದ. ಆಸ್ಪತ್ರೆಗೆ ಸೇರಿಸಿದ ಮರುರಾತ್ರಿ, ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆಯೆಂದು ಕೂಗಿದ. ಹೆತ್ತ ತಾಯಿಯ ಗುರುತು ಹತ್ತಲಿಲ್ಲ. ವೈದ್ಯರು ನನ್ನನ್ನು ಹೊರಗೆ ಕರೆದು, “ಬಿಡಿಸಿದ್ದು ತಪ್ಪಲ್ಲ ಸಾರ್. ಹೀಗೆ ಬಿಡಿಸಿದ್ದು ತಪ್ಪು. ಇನ್ನೊಂದು ದಿನ ಮನೆಯಲ್ಲಿಯೇ ಇಟ್ಟುಕೊಂಡಿದ್ದರೆ ಜೀವ ಉಳಿಯುತ್ತಿತ್ತೋ ಇಲ್ಲವೋ” ಎಂದರು.

ಅವರು ವಿವರಿಸಿದುದನ್ನು ಇಲ್ಲಿ ಬರೆಯುತ್ತೇನೆ. ಪ್ರತಿ ಮನೆಯಲ್ಲಿಯೂ ಇದು ತಿಳಿದಿರಬೇಕು. ಮದ್ಯವು ಮಿದುಳಿನ ಚಟುವಟಿಕೆಯನ್ನು ಕುಗ್ಗಿಸುವ ವಸ್ತು. ವರ್ಷಗಟ್ಟಲೆ ನಿತ್ಯವೂ ಕುಡಿದವನ ಮಿದುಳು ಆ ಒತ್ತಡವನ್ನು ಎದುರಿಸಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯವು ಒಮ್ಮೆಗೇ ನಿಂತಾಗ ಒತ್ತಡ ಹೋಗುತ್ತದೆ, ಉದ್ರೇಕ ಮಾತ್ರ ಉಳಿಯುತ್ತದೆ. ಕೊನೆಯ ಕುಡಿತದ 6ರಿಂದ 24 ಗಂಟೆಗಳೊಳಗೆ ನಡುಕ, ಬೆವರು, ವಾಂತಿ. ಬಹುತೇಕ 48 ಗಂಟೆಗಳೊಳಗೆ ಫಿಟ್ಸ್. 2ರಿಂದ 4ನೆಯ ದಿನಗಳಲ್ಲಿ ಸನ್ನಿ ಕಾಣಿಸಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಾಪಾಯ. ಇಂಥವರ ದೇಹದಲ್ಲಿ ಬಿ-1 ಜೀವಸತ್ತ್ವ ಮೊದಲೇ ಬತ್ತಿರುತ್ತದೆ. ಅದರ ಮೇಲೆ ಉಪವಾಸ ಮಾಡಿಸಿದರೆ ಮಿದುಳಿಗೆ ಶಾಶ್ವತ ಹಾನಿಯೂ ಆಗಬಹುದು. ನಿದ್ರೆ ಮಾತ್ರೆಗಳನ್ನು ಬಹುಕಾಲ ಸೇವಿಸಿದವರು ಒಮ್ಮೆಗೇ ನಿಲ್ಲಿಸಿದರೂ ಫಿಟ್ಸ್ ಬರಬಹುದು.

ಅವನು ಬದುಕಿದ. ನಾನು ಮನೆಗೆ ಬಂದು ಷೋಡಶಕಾರಣ ಭಾವನೆಗಳ ಪುಟವನ್ನು ತೆರೆದೆ. ತ್ಯಾಗ, ತಪಸ್ಸುಗಳ ಹೆಸರಿಗೆ ಮೊದಲು “ಶಕ್ತಿತಃ” ಎಂಬ ಮಾತಿದೆ. ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಮಾತು ಅದು. ಅವನ ಶಕ್ತಿ ಎಷ್ಟೆಂದು ನಾನು ಕೇಳಿರಲಿಲ್ಲ.

೪. ಬಿಡಿಸುವ ಕ್ರಮ

ಶಕ್ತಿಗೆ ತಕ್ಕಂತೆ ಎಂದರೆ ಸ್ವಲ್ಪ ಸ್ವಲ್ಪ ಕುಡಿಯುತ್ತಿರಬಹುದೆಂಬ ಅರ್ಥವಲ್ಲ. ಬಿಡಬೇಕಾದುದು ಪೂರ್ತಿಯಾಗಿಯೇ. ಬಿಡುವ ದಾರಿಯನ್ನು ಆ ದೇಹದ ಸ್ಥಿತಿ ನೋಡಿ ಗೊತ್ತುಮಾಡಬೇಕು.

ಮೊದಲನೆಯದಾಗಿ, ನಿತ್ಯ ಕುಡಿಯುವವನನ್ನು, ಅದರಲ್ಲಿಯೂ ಬೆಳಿಗ್ಗೆ ಕೈ ನಡುಗುವವನನ್ನು, ಹಿಂದೆ ಫಿಟ್ಸ್ ಬಂದವನನ್ನು ವೈದ್ಯರಿಗೆ ತೋರಿಸಿಯೇ ಬಿಡಿಸಬೇಕು. ಕೆಲವು ದಿನಗಳ ಔಷಧೋಪಚಾರದಿಂದ ಈ ಅಪಾಯವನ್ನು ದಾಟಿಸಬಹುದು. ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ ಇದಕ್ಕಾಗಿಯೇ ಇವೆ. 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಹಣವಿಲ್ಲದೆ ಫೋನು ಮಾಡಬಹುದು.

ಎರಡನೆಯದಾಗಿ, ಆ ದಿನಗಳಲ್ಲಿ ಉಪವಾಸ ಬೇಡ. ಹಗಲಿನಲ್ಲಿಯೇ ಶುದ್ಧಾಹಾರವನ್ನು ಹೊತ್ತುಹೊತ್ತಿಗೆ ಕೊಡಿ. ವೈದ್ಯರು ರಾತ್ರಿಯ ಔಷಧವನ್ನು ಹೇಳಿದ್ದರೆ ಅದನ್ನು ತಪ್ಪಿಸಬೇಡಿ. ಅವನು ಸುಧಾರಿಸಿದ ಮೇಲೆ ಏಕಾಶನ, ಉಪವಾಸಗಳ ವಿಚಾರವನ್ನು ವೈದ್ಯರನ್ನು ಕೇಳಿ ಎತ್ತಬಹುದು.

ಮೂರನೆಯದಾಗಿ, ಯಮ ನಿಯಮಗಳ ಭೇದವನ್ನು ಉಪಯೋಗಿಸಿಕೊಳ್ಳಬೇಕು. ಯಾವಜ್ಜೀವ ತ್ಯಾಗ ಯಮ. ಕಾಲಮಿತಿಯುಳ್ಳ ತ್ಯಾಗ ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ಗೊತ್ತುಮಾಡಿ ತ್ಯಾಗ ಮಾಡುವುದನ್ನು ಸಮಂತಭದ್ರಸ್ವಾಮಿಗಳು ಭೋಗೋಪಭೋಗಪರಿಮಾಣದ ಪ್ರಕರಣದಲ್ಲಿ ಹೇಳಿದ್ದಾರೆ. ಮೂಲಗುಣವು ಯಮವೇ ಆಗಬೇಕು, ಸಂದೇಹವಿಲ್ಲ. ಆದರೆ ಹತ್ತು ಸಲ ಬಿಟ್ಟು ಹತ್ತು ಸಲವೂ ಬಿದ್ದವನಿಗೆ “ಯಾವಜ್ಜೀವ” ಎಂಬ ಮಾತು ಕೇಳಿದೊಡನೆ ಎದೆ ಕುಸಿಯುತ್ತದೆ. ನನ್ನ ವಿದ್ಯಾರ್ಥಿ ಆಸ್ಪತ್ರೆಯಿಂದ ಬಂದ ಮೇಲೆ ಪ್ರತಿ ಬೆಳಿಗ್ಗೆ ದೇವದರ್ಶನದ ನಂತರ “ನಾಳೆಯ ಸೂರ್ಯೋದಯದವರೆಗೆ” ಎಂದು ನಿಯಮ ಹಿಡಿದ. 1935ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ನಮ್ಮ ಊರುಗಳಿಗೂ ಬಂದಿರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದವರೂ ಇಂದಿನ ದಿನವೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ದಿನದ ನಿಯಮ ಪಕ್ಷಕ್ಕೆ, ಪಕ್ಷದ್ದು ಮಾಸಕ್ಕೆ ಬೆಳೆಯಲಿ. ಯಮವು ತಾನಾಗಿ ಹತ್ತಿರ ಬರುತ್ತದೆ.

ನಾಲ್ಕನೆಯದಾಗಿ, ದ್ವಾರಾವತಿಯ ಕಥೆಯನ್ನು ಮರೆಯಬಾರದು. ಮದ್ಯದ ನಿಮಿತ್ತದಿಂದ ನಗರ ನಾಶವಾಗುವುದೆಂದು ನೇಮಿನಾಥ ತೀರ್ಥಂಕರರು ನುಡಿದಾಗ ಕೃಷ್ಣನು ಊರಿನ ಮದ್ಯವನ್ನೆಲ್ಲ ಕಾಡಿನಲ್ಲಿ ಚೆಲ್ಲಿಸಿದನು. ವರ್ಷಗಳ ಮೇಲೆ ಬಾಯಾರಿ ಬಂದ ಯಾದವಕುಮಾರರು ಬಂಡೆಗಳ ನಡುವೆ ನಿಂತಿದ್ದ ಅದೇ ಮದ್ಯವನ್ನು ಕುಡಿದು ದ್ವೀಪಾಯನ ಮುನಿಯನ್ನು ಹಿಂಸಿಸಿದರು, ನಗರ ಸುಟ್ಟುಹೋಯಿತು. ಮನೆಯಿಂದ ಬಾಟಲಿಯನ್ನು ಎಸೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸಂಬಳದ ದಿನ, ಮದುವೆಯ ಮನೆ, ಹಳೆಯ ಗೆಳೆಯರ ಕರೆ ಇವೇ ಬಂಡೆಗಳ ನಡುವಿನ ಮಡುಗಳು. ಮೊದಲ ವರ್ಷ ಅಲ್ಲಿಗೆ ಅವನೊಬ್ಬನನ್ನೇ ಕಳುಹಿಸಬೇಡಿ.

೫. ಉಪಗೂಹನವೂ ಸ್ಥಿತಿಕರಣವೂ

2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯಂತೆ 10ರಿಂದ 75 ವರ್ಷದವರಲ್ಲಿ ನೂರಕ್ಕೆ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಿದ್ದರು. ಮದ್ಯಕ್ಕೆ ಅಧೀನರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರಕಿತ್ತು. ಉಳಿದ 37 ಮನೆಗಳಲ್ಲಿ ಎಷ್ಟೋ ಮನೆಗಳು ಸಂಗತಿಯನ್ನು ಮುಚ್ಚಿಟ್ಟವೇ ಆಗಿರಬೇಕು. “ಮಗಳ ಮದುವೆಯಾಗಬೇಕು, ಊರಿಗೆ ತಿಳಿಯಬಾರದು” ಎಂಬ ಮಾತನ್ನು ನಾನೂ ಕೇಳಿದ್ದೇನೆ.

ಧರ್ಮಾತ್ಮರ ದೋಷವನ್ನು ಸಾರಿ ಹೇಳದಿರುವುದು ಉಪಗೂಹನ. ಜಿನೇಂದ್ರಭಕ್ತ ಶ್ರೇಷ್ಠಿ ಅದಕ್ಕೆ ದೃಷ್ಟಾಂತ. ಆದರೆ ಸಮ್ಯಗ್ದರ್ಶನದ ಅಂಗಗಳಲ್ಲಿ ಅದರ ಮಗ್ಗುಲಲ್ಲಿಯೇ ಸ್ಥಿತಿಕರಣವನ್ನು ಇಟ್ಟಿದ್ದಾರೆ. ದೀಕ್ಷೆಯಲ್ಲಿ ಮನಸ್ಸು ನಿಲ್ಲದ ಪುಷ್ಪಡಾಲನನ್ನು ವಾರಿಷೇಣ ಮುನಿಗಳು ಸಂಘದಿಂದ ಹೊರಗೆ ಹಾಕಲಿಲ್ಲ. ಅವನ ಚಪಲವನ್ನು ಊರಿಗೆ ಸಾರಲೂ ಇಲ್ಲ. ಜೊತೆಯಲ್ಲಿಯೇ ಇದ್ದು ಕಡೆಗೆ ಅವನನ್ನು ಮಾರ್ಗದಲ್ಲಿ ನಿಲ್ಲಿಸಿದರು. ಮುಚ್ಚಿಟ್ಟು ಸುಮ್ಮನಿದ್ದರೆ ಉಪಗೂಹನವೂ ಕೆಡುತ್ತದೆ. ಊರಿಗೆ ಹೇಳಬೇಡಿ, ವೈದ್ಯರಿಗೆ ಹೇಳಿ, ಮನೆಯ ಒಬ್ಬ ಹಿರಿಯರಿಗೆ ಹೇಳಿ.

೬. ಶಂಕೆ – ಸಮಾಧಾನ

ಶಂಕೆ: ಆಯುರ್ವೇದದ ಅರಿಷ್ಟ, ಆಸವಗಳನ್ನು ಮೂಲಗುಣಧಾರಿಗಳು ಸೇವಿಸಬಹುದೆ?
ಸಮಾಧಾನ: ಅವು ಹುದುಗಿಸಿ ಮಾಡುವ ಔಷಧಗಳು, ಮದ್ಯಸಾರ ಅವುಗಳಲ್ಲಿ ತಾನಾಗಿಯೇ ಹುಟ್ಟುತ್ತದೆ. ವ್ರತಿಕರು ಅವನ್ನು ಬಿಟ್ಟು, ಅದೇ ಗುಣದ ಕಷಾಯ, ಚೂರ್ಣ, ಮಾತ್ರೆಗಳನ್ನು ವೈದ್ಯರಲ್ಲಿ ಕೇಳಿ ಪಡೆಯಬೇಕು. ಮದ್ಯವನ್ನು ಬಿಟ್ಟು ಚೇತರಿಸಿಕೊಳ್ಳುತ್ತಿರುವವನ ಕೈಗಂತೂ ಅವುಗಳ ಬಾಟಲಿ ಸಿಗಬಾರದು.

ಶಂಕೆ: ಬಿಡಿಸುವಾಗ ವೈದ್ಯರು ಕೊಡುವ ಮಾತ್ರೆಯೂ ಮತ್ತು ತರುವುದೇ ಅಲ್ಲವೆ?
ಸಮಾಧಾನ: ಅದು ಅಳತೆಯಿಂದ, ಕೆಲವೇ ದಿನ, ಪ್ರಾಣ ಉಳಿಸಿ ಎಚ್ಚರವನ್ನು ಮರಳಿ ತರಲು ಕೊಡುವ ಔಷಧ. ಅವಧಿ ಮೀರಿ ತಾನೇ ಕೊಂಡು ನುಂಗಿದರೆ ಮಾತ್ರ ದೋಷ.

ಶಂಕೆ: ಬರಿಯ ಅಡಿಕೆಯೂ ದೋಷವೆ?
ಸಮಾಧಾನ: ಅಡಿಕೆ ತೋಟದ ಅನ್ನ ಉಂಡು ಬೆಳೆದ ನನಗೆ ಇದನ್ನು ಬರೆಯುವುದು ಸುಲಭವಲ್ಲ. ಮೇಲೆ ಹೇಳಿದ ಕ್ಯಾನ್ಸರ್ ಮಂಡಲಿಯು ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ 2004ರಲ್ಲಿ ಮೊದಲ ವರ್ಗಕ್ಕೆ ಸೇರಿಸಿದೆ. ಸದಾ ಅಗಿಯುವವರಿಗೆ ಬಾಯಿ ತೆರೆಯಲಾಗದ ರೋಗ ಬರುವುದನ್ನೂ ಕಂಡಿದ್ದೇವೆ. ಆದ್ದರಿಂದ ನಿತ್ಯ ಅಗಿಯುವ ಚಟ ಅನಿಷ್ಟವೇ. ನಾನು ಬಿಟ್ಟಿದ್ದೇನೆ.

ಶಂಕೆ: ವ್ರತ ಹಿಡಿದವನು ಮತ್ತೆ ಕುಡಿದರೆ ವ್ರತ ಹೋಯಿತಲ್ಲವೆ?
ಸಮಾಧಾನ: ಭಂಗವಾದುದು ನಿಜ. ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳನ್ನು ಹೇಳಿರುವುದು ಭಂಗವಾದವರಿಗಾಗಿಯೇ. ಈ ರೋಗದಲ್ಲಿ ಮರಳಿ ಬೀಳುವುದು ಸಾಮಾನ್ಯ. ಅಂದೇ ಹೇಳಿಕೊಂಡು, ಮರುದಿನದ ಸೂರ್ಯೋದಯಕ್ಕೆ ಮತ್ತೆ ನಿಯಮ ಹಿಡಿಯಲಿ.

ನನ್ನ ವಿದ್ಯಾರ್ಥಿ ನಡುವೆ ಎರಡು ಸಲ ಬಿದ್ದ. ಎರಡು ಸಲವೂ ನನ್ನ ಮನೆಗೆ ಬಂದು ಹೇಳಿದ. ಮೊದಲ ಸಲ ಬೈಯಲು ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು, ಅವನ ಜೊತೆ ಆಸ್ಪತ್ರೆಗೆ ಹೋದೆ. ಎರಡನೆಯ ಸಲದ ಹೊತ್ತಿಗೆ ಬೈಯಬೇಕೆಂದು ತೋರಲಿಲ್ಲ. ಈಗ ಆರನೆಯ ದಶಲಕ್ಷಣ ಪರ್ವ ಕಳೆಯಿತು. ಈ ಸಲ ಅನಂತ ಚತುರ್ದಶಿಯಂದು ಅವನು ವೈದ್ಯರ ಒಪ್ಪಿಗೆ ಪಡೆದು ಒಂದು ಉಪವಾಸ ಮಾಡಿದ. ಮರುದಿನ ಅವನ ಪಾರಣೆಗೆ ಅವನ ತಾಯಿ ನನ್ನನ್ನೂ ಕರೆದಿದ್ದರು.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಮಾಂಸ, ಮಧುಗಳ ತ್ಯಾಗಕ್ಕೂ ಮದ್ಯದ ತ್ಯಾಗಕ್ಕೂ ಸಮಂತಭದ್ರಸ್ವಾಮಿಗಳು ಹೇಳಿದ ಕಾರಣಗಳಲ್ಲಿ ಭೇದವೇನು?
2. ಅಭಕ್ಷ್ಯದ ಐದು ಬಗೆಗಳಲ್ಲಿ ಗುಟ್ಕಾ ಯಾವುದಕ್ಕೆ ಸೇರುತ್ತದೆ? ಏಕೆ?
3. ನಿತ್ಯ ಕುಡಿಯುವವನು ಒಮ್ಮೆಗೇ ಬಿಟ್ಟಾಗ ಮೊದಲ ನಾಲ್ಕು ದಿನಗಳಲ್ಲಿ ಏನೇನು ಅಪಾಯಗಳಿವೆ?
4. ನಿಮ್ಮ ಮನೆಯ ಔಷಧದ ಪೆಟ್ಟಿಗೆಯನ್ನು ತೆರೆದು, ಮದ್ಯಸಾರವಿರುವವು ಯಾವುವು, ಚೀಟಿಯ ಅವಧಿ ಮೀರಿದ ನಿದ್ರೆ ಮಾತ್ರೆಗಳು ಯಾವುವು ಎಂದು ಮನೆಮಂದಿ ಕೂಡಿ ಪಟ್ಟಿ ಮಾಡಿರಿ.